ಭಾರತ ಸೋತರೂ ನನಗೆ ನೋವಾಗಲಿಲ್ಲ. ನಿಮಗೆ?

ಅಪ್ಪನಕೆರೆ_ದಂಡೆ (ಕಲಬುರಗಿ)

2025ರ ನವೆಂಬರ್ 18ರ ರಾತ್ರಿ ಢಾಕಾದಲ್ಲಿ ಬಾಂಗ್ಲಾದೇಶ ಫುಟ್‌ಬಾಲ್‌ನಲ್ಲಿ ನಮ್ಮನ್ನು 1–0ಯಿಂದ ಸೋಲಿಸಿತು. 22 ವರ್ಷಗಳ ನಂತರ ಅವರಿಗೆ ನಮ್ಮ ಮೇಲೆ ಸಿಕ್ಕ ಮೊದಲ ಗೆಲುವು. ಪಂದ್ಯ ಮುಗಿದ ಮೇಲೆ ಟಿವಿ ಆರಿಸಿದೆ, ಊಟಕ್ಕೆ ಕುಳಿತೆ, ಎರಡು ರೊಟ್ಟಿ ತಿಂದು ಮಲಗಿದೆ. ನಿದ್ದೆಯೂ ಬಂತು. ಬೆಳಿಗ್ಗೆ ಎದ್ದ ಮೇಲೆ ಗಾಬರಿಯಾಯಿತು: ಅಷ್ಟು ದೊಡ್ಡ ಸೋಲು, ನನಗೆ ಏನೂ ಅನ್ನಿಸಲೇ ಇಲ್ಲವಲ್ಲ!

2019ರ ಏಷ್ಯಾ ಕಪ್ ನೆನಪಿದೆಯೇ? ಬಹರೇನ್ ವಿರುದ್ಧ ಡ್ರಾ ಆಗಿದ್ದರೂ ಸಾಕಿತ್ತು, ಮುಂದಿನ ಸುತ್ತಿಗೆ ಹೋಗುತ್ತಿದ್ದೆವು. 90 ನಿಮಿಷ ತಡೆದು ನಿಂತು, ಹೆಚ್ಚುವರಿ ಸಮಯದಲ್ಲಿ ಪೆನಾಲ್ಟಿ ಕೊಟ್ಟು ಸೋತೆವು. ಆಗ ಸ್ಟೇಷನ್ ಬಳಿಯ ಗೆಳೆಯನ ಕೋಣೆಯಲ್ಲಿ ಎಂಟು ಮಂದಿ ಕುಳಿತಿದ್ದೆವು. ಯಾರೂ ಅರ್ಧ ಗಂಟೆ ಬಾಯಿ ಬಿಡಲಿಲ್ಲ. ತಂದಿಟ್ಟಿದ್ದ ತಹರಿ ತಣ್ಣಗಾಗಿ ಹಾಗೆಯೇ ಉಳಿಯಿತು.

ಎರಡೂ 1–0 ಸೋಲುಗಳೇ. ಒಂದು ನನ್ನ ಅನ್ನ ಕಸಿಯಿತು, ಇನ್ನೊಂದು ನನ್ನನ್ನು ಮುಟ್ಟಲೇ ಇಲ್ಲ. ತಂಡ ಹೇಗೆ ಆಡಿದರೆ ಅಭಿಮಾನಿಗೆ ತೃಪ್ತಿಯಾಗುತ್ತದೆ? ಗೆದ್ದರೆ ಮಾತ್ರವೇ? ನಮ್ಮ ಭಾಗದಲ್ಲಿ ಫುಟ್‌ಬಾಲ್ ನೋಡುವವರು ಕಡಿಮೆ ಎಂದು ಗೊತ್ತು. ಇರುವವರಾದರೂ ಮನಸ್ಸು ಬಿಚ್ಚಿ ಹೇಳಿ.

ಎಡಗಾಲು_11 (ಕಲಬುರಗಿ)

ಗೆಲ್ಲಬೇಕು. ಅಷ್ಟೇ. ಉಳಿದದ್ದೆಲ್ಲ ಸಮಾಧಾನದ ಮಾತು.

ಬೀದರ_ಬಿದ್ರಿ (ಬೀದರ್)

ಎಡಗಾಲು ಅವರೇ, ಹಾಗಿದ್ದರೆ 2018ರ ಜೂನ್ 1ಕ್ಕೆ ಏನು ಹೇಳುತ್ತೀರಿ? ಮುಂಬೈಯಲ್ಲಿ ಚೈನೀಸ್ ತೈಪೆ ವಿರುದ್ಧ 5–0 ಗೆಲುವು, ನಾಯಕ ಸುನಿಲ್ ಛೆಟ್ರಿಯ ಹ್ಯಾಟ್ರಿಕ್. ಕ್ರೀಡಾಂಗಣದಲ್ಲಿದ್ದವರು 2,569 ಮಂದಿ. ಮರುದಿನ ಛೆಟ್ರಿ ವಿಡಿಯೊ ಹಾಕಿ, ಬೈಯುವುದಿದ್ದರೆ ಬೈಯಿರಿ, ಆದರೆ ಬಂದು ನೋಡಿ ಬೈಯಿರಿ ಎಂಬರ್ಥದಲ್ಲಿ ಕೈಮುಗಿದು ಕೇಳಿಕೊಂಡ. ಜೂನ್ 4ರ ಕೀನ್ಯಾ ಪಂದ್ಯಕ್ಕೆ ಟಿಕೆಟ್ ಪೂರ್ತಿ ಮಾರಾಟವಾಯಿತು. ಅದು ಅವನ ನೂರನೇ ಪಂದ್ಯವಾಗಿತ್ತು. ಐದು ಗೋಲು ಕರೆತರದ ಜನರನ್ನು ಒಂದು ಮಾತು ಕರೆತಂದಿತು. ಗೆಲುವೇ ಎಲ್ಲವೂ ಆಗಿದ್ದರೆ ಹೀಗಾಗುತ್ತಿರಲಿಲ್ಲ.

ಎಡಗಾಲು_11 (ಕಲಬುರಗಿ)

ಕೀನ್ಯಾ ವಿರುದ್ಧ 3–0 ಗೆದ್ದರಲ್ಲ? ಸೋತಿದ್ದರೆ ಬಂದ ಜನ ಮತ್ತೆ ಬರುತ್ತಿದ್ದರೇ?

ಕಡಗಂಚಿ_ಹಾಸ್ಟೆಲ್ (ಆಳಂದ ರಸ್ತೆ)

ನಾನು ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿ. ನಮ್ಮಲ್ಲಿ ಕೇರಳದ ಗೆಳೆಯರು ಬಹಳ. 2022ರ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾ ಅರ್ಜೆಂಟೀನಾವನ್ನು 2–1ರಿಂದ ಸೋಲಿಸಿದ ದಿನ ನಮ್ಮ ಹಾಸ್ಟೆಲಿನಲ್ಲಿ ಸಾವಿನ ಮನೆಯ ಮೌನವಿತ್ತು. ಒಬ್ಬ ಗೆಳೆಯ ನಿಜವಾಗಿಯೂ ಅತ್ತ. ಡಿಸೆಂಬರ್ 18ರಂದು ಅದೇ ತಂಡ ಕಪ್ ಎತ್ತಿತು. ಈಗ ಅವನನ್ನು ಕೇಳಿದರೆ ಸೌದಿ ಪಂದ್ಯವೇ ಆ ವಿಶ್ವಕಪ್‌ನ ಅತ್ಯಂತ ಮುಖ್ಯ ಪಂದ್ಯ ಎನ್ನುತ್ತಾನೆ.

ಆದರೆ ಭಾರತದ ಪಂದ್ಯ ಹಾಕಿದರೆ ಆ ಹಾಲ್‌ನಲ್ಲಿ ನಾಲ್ಕು ಜನ ಇರುವುದಿಲ್ಲ. ನನಗೆ ಬೇಸರವಾಗುವುದು ಅದಕ್ಕೆ.

ಸ್ಟೇಷನ್_ಬಜಾರ್ (ಕಲಬುರಗಿ)

ಆ ತಹರಿ ತಂದವನು ನಾನೇ. ಆರು ವರ್ಷವಾಯಿತು, ಇನ್ನೂ ಹೊಟ್ಟೆ ಉರಿಯುತ್ತದೆ. ಸೋಲಿಗೂ, ತಹರಿಗೂ.

ಅಪ್ಪನಕೆರೆ_ದಂಡೆ (ಕಲಬುರಗಿ)

ನೀನಾ! ಎಲ್ಲಿದ್ದೀಯಪ್ಪಾ ಇಷ್ಟು ದಿನ?

ಗಣಿತದ_ಮಾಸ್ತರ (ಶಹಾಪುರ, ಯಾದಗಿರಿ)

ಮೂಲ ಪ್ರಶ್ನೆಗೆ ನನ್ನದೊಂದು ಲೆಕ್ಕವಿದೆ. 2018ರ ಆಗಸ್ಟ್‌ನಿಂದ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ತನ್ನ ರ‍್ಯಾಂಕಿಂಗ್ ಅನ್ನು ಹೊಸ ಸೂತ್ರದಿಂದ ಮಾಡುತ್ತಿದೆ. ಗೆಲುವಿಗೆ 1, ಡ್ರಾಕ್ಕೆ ಅರ್ಧ, ಸೋಲಿಗೆ ಸೊನ್ನೆ. ಇದರಿಂದ ‘ನಿರೀಕ್ಷಿತ ಫಲಿತಾಂಶ’ವನ್ನು ಕಳೆಯುತ್ತಾರೆ. ಉಳಿದದ್ದನ್ನು ಪಂದ್ಯದ ತೂಕದಿಂದ ಗುಣಿಸುತ್ತಾರೆ. ಅರ್ಹತಾ ಪಂದ್ಯದ ತೂಕ 25.

ಇಬ್ಬರೂ ಸಮಬಲರಾಗಿದ್ದರೆ ನಿರೀಕ್ಷೆ ಅರ್ಧ. ಗೆದ್ದರೆ 12.5 ಅಂಕ ಬರುತ್ತದೆ. ನಿಮಗಿಂತ 600 ಅಂಕ ಕೆಳಗಿರುವ ತಂಡದೊಡನೆ ಆಡಿದರೆ ನಿರೀಕ್ಷೆ ಸುಮಾರು 0.91. ಗೆದ್ದರೂ ಎರಡು ಅಂಕ ಚಿಲ್ಲರೆ. ಡ್ರಾ ಮಾಡಿಕೊಂಡರೆ ಹತ್ತು ಅಂಕ ಕಳೆದುಕೊಳ್ಳುತ್ತೀರಿ. ಅದೇ 600 ಅಂಕ ಮೇಲಿರುವ ತಂಡದ ಜೊತೆ ಡ್ರಾ ಮಾಡಿದರೆ ಹತ್ತು ಅಂಕ ಗಳಿಸುತ್ತೀರಿ. ಫಲಿತಾಂಶ ಒಂದೇ, ಒಬ್ಬರ ಜೇಬಿನಿಂದ ಹೋಗುತ್ತದೆ, ಇನ್ನೊಬ್ಬರ ಜೇಬಿಗೆ ಬರುತ್ತದೆ.

ಅಭಿಮಾನಿಯ ಮನಸ್ಸೂ ಇದೇ ಲೆಕ್ಕ ಹಾಕುತ್ತದೆ ಎಂದು ನನ್ನ ನಂಬಿಕೆ. ಅದು ನೋಡುವುದು ಬರೀ ಅಂಕಪಟ್ಟಿಯನ್ನಲ್ಲ, ನಿರೀಕ್ಷೆಗೂ ಆಟಕ್ಕೂ ನಡುವಿನ ವ್ಯತ್ಯಾಸವನ್ನು. ಢಾಕಾಕ್ಕೆ ತಂಡ ಹೋಗುವಾಗ ಅಪ್ಪನಕೆರೆ ಅವರ ನಿರೀಕ್ಷೆಯೇ ಸೊನ್ನೆಯಾಗಿತ್ತು. ಸೊನ್ನೆಯಿಂದ ಸೊನ್ನೆ ಕಳೆದರೆ ಏನು ಉಳಿಯುತ್ತದೆ? ಅದಕ್ಕೇ ನಿದ್ದೆ ಬಂದಿದೆ.

ಬೀದರ_ಬಿದ್ರಿ (ಬೀದರ್)

ಮಾಸ್ತರರೇ, ನಿಮ್ಮ ಲೆಕ್ಕಕ್ಕೆ ನನ್ನ ಬಳಿ ಸಾಕ್ಷಿ ಇದೆ. ನಾನು 0–0 ಪಂದ್ಯಗಳನ್ನು ಮಾತ್ರ ಜೋಡಿಸಿ ನೋಡುತ್ತೇನೆ.

ಸೆಪ್ಟೆಂಬರ್ 10, 2019, ದೋಹಾ. ಎದುರಿಗೆ ಅದೇ ವರ್ಷ ಏಷ್ಯಾ ಚಾಂಪಿಯನ್ ಆಗಿದ್ದ ಕತಾರ್. ಛೆಟ್ರಿ ಜ್ವರದಿಂದ ಆಡಲಿಲ್ಲ. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಒಂದರ ಹಿಂದೆ ಒಂದು ಚೆಂಡನ್ನು ತಡೆದ. 0–0. ನಾನು ಬೀದಿಗೆ ಬಂದು ಕೂಗಿದೆ. ಮನೆಯವರು ಏನಾಯಿತೋ ಎಂದು ಓಡಿ ಬಂದರು.

ಸೆಪ್ಟೆಂಬರ್ 3, 2024, ಹೈದರಾಬಾದ್. ಎದುರಿಗೆ ಮಾರಿಷಸ್. ನಾವು ಮೂವರು ಬೀದರಿನಿಂದ ಬಸ್ ಹತ್ತಿ ಗಚ್ಚಿಬೌಲಿಗೆ ಹೋಗಿದ್ದೆವು. ಹೊಸ ತರಬೇತುದಾರ ಮನೋಲೊ ಮಾರ್ಕೆಜ್‌ನ ಮೊದಲ ಪಂದ್ಯ. 0–0. ಗೋಲಿನ ಕಡೆ ಗಟ್ಟಿಯಾದ ಒಂದು ಹೊಡೆತ ಬಂದರೂ ಸಾಕು ಎಂದು ಕಾದು ಕುಳಿತೆವು. ರಾತ್ರಿ ಮರಳುವಾಗ ಬಸ್ಸಿನಲ್ಲಿ ಮೂವರಲ್ಲಿ ಒಬ್ಬರೂ ಪಂದ್ಯದ ಮಾತು ಎತ್ತಲಿಲ್ಲ.

ಮಾರ್ಚ್ 25, 2025, ಶಿಲ್ಲಾಂಗ್. ಬಾಂಗ್ಲಾದೇಶ. ಮತ್ತೆ 0–0. ಅಂದು ರಿಮೋಟ್ ಎಸೆದೆ.

ಮೂರೂ ಕಡೆ ಬೋರ್ಡಿನ ಮೇಲೆ ಅದೇ ಎರಡು ಸೊನ್ನೆಗಳು.

ಸೇಡಂ_ರಸ್ತೆ (ಕಲಬುರಗಿ)

ನಾಲ್ಕನೆಯದನ್ನು ಬಿಟ್ಟಿರಿ. ಜೂನ್ 6, 2024, ಕೋಲ್ಕತ್ತದ ಸಾಲ್ಟ್ ಲೇಕ್, ಕುವೈತ್ ವಿರುದ್ಧ 0–0. ಛೆಟ್ರಿಯ ವಿದಾಯ. ಫಲಿತಾಂಶ ನೋಡಿದರೆ ಕೆಟ್ಟದ್ದು, ಆದರೆ ಆ ದಿನ ಕಣ್ಣಲ್ಲಿ ನೀರು ಬಂದಿದ್ದು ಫಲಿತಾಂಶಕ್ಕಲ್ಲ. ನಿಮ್ಮ ಸೂತ್ರದಲ್ಲಿ ಅದಕ್ಕೆ ಜಾಗ ಎಲ್ಲಿದೆ ಮಾಸ್ತರರೇ?

ಗಣಿತದ_ಮಾಸ್ತರ (ಶಹಾಪುರ, ಯಾದಗಿರಿ)

ಇಲ್ಲ. ಒಪ್ಪಿದೆ.

ಹುಮನಾಬಾದ್_ಬೇಸ್ (ಕಲಬುರಗಿ)

ಛೆಟ್ರಿ ಒಂಬತ್ತು ತಿಂಗಳಲ್ಲಿ ಮರಳಿ ಬಂದನಲ್ಲ! ಮಾಲ್ಡೀವ್ಸ್ ವಿರುದ್ಧ 3–0 ಗೆದ್ದಾಗ ಗೋಲನ್ನೂ ಹೊಡೆದ. ಆ ಗೆಲುವಿಗೆ ಎಲ್ಲರೂ ಕುಣಿದರು, ನನಗೆ ಮಾತ್ರ ಸಂಕಟವಾಯಿತು. 40 ವರ್ಷದವನನ್ನು ಮನೆಯಿಂದ ಮರಳಿ ಕರೆಸಬೇಕಾಯಿತು ಎಂದರೆ ಅವನ ಜಾಗಕ್ಕೆ ಒಬ್ಬನನ್ನೂ ಬೆಳೆಸಿಲ್ಲ ಎಂದರ್ಥ. ಗೆಲುವಿನಲ್ಲೂ ಅತೃಪ್ತಿ ಇರುತ್ತದೆ, ಅದನ್ನು ಮರೆಯಬೇಡಿ.

ತೊಗರಿ_ಕಾಕಾ (ಕಲಬುರಗಿ)

ನಾನು ಈ ಚರ್ಚೆಯನ್ನು ನಿನ್ನೆಯಿಂದ ಓದುತ್ತಿದ್ದೇನೆ. ನನಗೀಗ 74. ನಮ್ಮ ತಂದೆಯವರು ಐವತ್ತರ ದಶಕದಲ್ಲಿ ಹೈದರಾಬಾದಿನಲ್ಲಿ ಓದುತ್ತಿದ್ದರು. ಆಗ ಕಲಬುರಗಿ, ಬೀದರ್, ಯಾದಗಿರಿ ಎಲ್ಲವೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಫುಟ್‌ಬಾಲ್ ನಮಗೆ ದೂರದ ಆಟ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಭಾರತ ಕಂಡ ಅತಿ ದೊಡ್ಡ ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ನಮ್ಮದೇ ರಾಜಧಾನಿಯವರಾಗಿದ್ದರು. ಅವರು ಕಟ್ಟಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ತಂದೆಯವರು ಆ ತಂಡದ ಅಭ್ಯಾಸ ನೋಡಲು ಸೈಕಲ್ ಬಾಡಿಗೆ ಪಡೆದು ಹೋಗುತ್ತಿದ್ದರಂತೆ.

1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನ್ ವಿರುದ್ಧ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಚಿನ್ನ ಬಂತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನೆವಿಲ್ ಡಿಸೋಜಾ ಆಸ್ಟ್ರೇಲಿಯಾ ಮೇಲೆ ಮೂರು ಗೋಲು ಹೊಡೆದ. 4–2. ಆ ಕೂಟದಲ್ಲಿ ಭಾರತಕ್ಕೆ ನಾಲ್ಕನೇ ಸ್ಥಾನ. ತಂದೆಯವರು ಹೇಳುತ್ತಿದ್ದರು, ಆ ವರ್ಷ ರಾಜ್ಯ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು, ಆದರೆ ಪತ್ರಿಕೆ ಬಿಡಿಸಿದಾಗ ಮೊದಲು ಹುಡುಕುತ್ತಿದ್ದದ್ದು ರಹೀಮರ ಹುಡುಗರ ಸುದ್ದಿಯನ್ನೇ ಎಂದು.

1962ರ ಏಷ್ಯನ್ ಕ್ರೀಡಾಕೂಟದ ಜಕಾರ್ತಾ ಫೈನಲ್. ಕ್ರೀಡಾಂಗಣ ಪೂರ್ತಿ ನಮ್ಮ ವಿರುದ್ಧ ಕೂಗುತ್ತಿತ್ತು. ಜರ್ನೈಲ್ ಸಿಂಗ್ ತಲೆಗೆ ಹೊಲಿಗೆ ಹಾಕಿಸಿಕೊಂಡು ಆಡಿದ. ರಕ್ಷಣಾ ಸಾಲಿನಲ್ಲಿ ಆಡಬೇಕಾದ ಅವನನ್ನು ರಹೀಮ್ ಮುಂದಕ್ಕೆ ಕಳುಹಿಸಿದ್ದರು. ಅವನೇ ಒಂದು ಗೋಲು ಹೊಡೆದ, ಇನ್ನೊಂದು ಪಿ.ಕೆ. ಬ್ಯಾನರ್ಜಿ. ದಕ್ಷಿಣ ಕೊರಿಯಾ ವಿರುದ್ಧ 2–1. ಮರುವರ್ಷವೇ ರಹೀಮ್ ಕ್ಯಾನ್ಸರಿನಿಂದ ತೀರಿಕೊಂಡರು. ಅದರ ನಂತರ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಚಿನ್ನ ಬಂದಿಲ್ಲ. ನಮ್ಮ ತಂದೆ ಆಮೇಲೆ ಯಾವ ಗೆಲುವಿಗೂ ಪೂರ್ತಿ ಸಂತೋಷಪಟ್ಟಿದ್ದನ್ನು ನಾನು ನೋಡಲಿಲ್ಲ. ಅವರ ಅಳತೆಗೋಲು ಜಕಾರ್ತಾದಲ್ಲೇ ನಿಂತುಬಿಟ್ಟಿತ್ತು.

ಎಡಗಾಲು_11 (ಕಲಬುರಗಿ)

ಕಾಕಾ, ನಮಸ್ಕಾರ. ಇಷ್ಟು ದೊಡ್ಡ ತಂಡ ಇದ್ದೂ 1950ರ ವಿಶ್ವಕಪ್‌ಗೆ ಬೂಟು ಇಲ್ಲ ಎಂದು ಹೋಗಲಿಲ್ಲವಂತಲ್ಲ, ಅದಕ್ಕಿಂತ ನೋವಿನ ಮಾತು ಬೇರೆ ಇದೆಯೇ?

ಬೀದರ_ಬಿದ್ರಿ (ಬೀದರ್)

ತಿದ್ದುಪಡಿ. ಬರಿಗಾಲಿನ ಕಥೆ ಪೂರ್ತಿ ನಿಜವಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುತೇಕ ಆಟಗಾರರು ಬರಿಗಾಲಿನಲ್ಲಿ ಆಡಿದ್ದು ಹೌದು, ಫ್ರಾನ್ಸ್ ವಿರುದ್ಧ 2–1ರಿಂದ ಸೋತದ್ದೂ ಹೌದು. ಆದರೆ ಬ್ರೆಜಿಲ್‌ಗೆ ಹೋಗದಿರಲು ಆಗಿನ ಆಡಳಿತಕ್ಕೆ ಒಲಿಂಪಿಕ್ಸೇ ದೊಡ್ಡದಾಗಿ ಕಂಡದ್ದು ಮುಖ್ಯ ಕಾರಣ. ವಿಶ್ವಕಪ್‌ನ ಬೆಲೆ ಅವರಿಗೆ ತಿಳಿಯಲಿಲ್ಲ.

ಎಡಗಾಲು_11 (ಕಲಬುರಗಿ)

ಹಾಗಾದರೆ ಇನ್ನೂ ನೋವು.

ಭೀಮಾತೀರದ_ಟೀಚರ್ (ಯಾದಗಿರಿ)

ಇಷ್ಟೂ ಉತ್ತರಗಳನ್ನು ಓದಿದೆ. ‘ರಾಷ್ಟ್ರೀಯ ತಂಡ’ ಎಂದು ಬರೆದ ಪ್ರತಿಯೊಬ್ಬರೂ ಗಂಡಸರ ತಂಡದ ಬಗ್ಗೆಯೇ ಬರೆದಿದ್ದೀರಿ. 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಥಾಯ್ಲೆಂಡ್ ತಂಡವನ್ನೇ 2–1ರಿಂದ ಸೋಲಿಸಿ 2026ರ ಏಷ್ಯಾ ಕಪ್‌ಗೆ ಅರ್ಹತೆ ಪಡೆದರು. ಎರಡೂ ಗೋಲು ಸಂಗೀತಾ ಬಸ್ಫೋರ್ ಅವರದು. ಅರ್ಹತಾ ಪಂದ್ಯಗಳನ್ನು ಗೆದ್ದು ಏಷ್ಯಾ ಕಪ್‌ಗೆ ಹೋಗುತ್ತಿರುವುದು ಇದೇ ಮೊದಲು. ಯಾರಿಗಾದರೂ ನೆನಪಾಯಿತೇ?

ನಾನು ದೈಹಿಕ ಶಿಕ್ಷಣ ಶಿಕ್ಷಕಿ. ಮರುದಿನ ತರಗತಿಯಲ್ಲಿ ಮೊಬೈಲಿನಲ್ಲಿ ಆ ಗೋಲುಗಳನ್ನು ತೋರಿಸಿದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು, ‘ಟೀಚರ್, ಇವರು ನಮ್ಮವರೇ?’ ಎಂದು ಕೇಳಿದಳು. ಹೌದು ಎಂದೆ. ಅಂದಿನಿಂದ ವಾರಕ್ಕೆ ಎರಡು ದಿನ ಹದಿನಾಲ್ಕು ಹುಡುಗಿಯರು ಶಾಲೆ ಬಿಟ್ಟ ಮೇಲೆ ಉಳಿಯುತ್ತಾರೆ. ಇರುವುದು ಒಂದೇ ಚೆಂಡು. ಮೈದಾನದಲ್ಲಿ ಕಲ್ಲು ಆರಿಸಿದ ಮೇಲೇ ಆಟ. ನನ್ನ ತೃಪ್ತಿ ಎಲ್ಲಿದೆ ಎಂದು ಕೇಳಿದರೆ ಅಲ್ಲಿದೆ.

ಅಪ್ಪನಕೆರೆ_ದಂಡೆ (ಕಲಬುರಗಿ)

ಟೀಚರ್, ತಪ್ಪಾಯಿತು. ಆ ಪಂದ್ಯವನ್ನು ನಾನು ನೋಡಲಿಲ್ಲ. ಮರುದಿನ ಪತ್ರಿಕೆಯಲ್ಲಿ ಓದಿದೆ, ಮುಂದಿನ ಪುಟ ತಿರುಗಿಸಿದೆ. ಈಗ ನಾಚಿಕೆಯಾಗುತ್ತಿದೆ.

ಕಡಗಂಚಿ_ಹಾಸ್ಟೆಲ್ (ಆಳಂದ ರಸ್ತೆ)

ಟೀಚರ್ ಹೇಳಿದ ‘ನಮ್ಮವರೇ?’ ಎಂಬ ಪ್ರಶ್ನೆಯ ಮೇಲೆ ಪಾಠದಲ್ಲಿ ಓದಿದ್ದೊಂದು ನೆನಪಾಯಿತು. 1976ರಲ್ಲಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಅಮೆರಿಕದ ಏಳು ವಿಶ್ವವಿದ್ಯಾಲಯಗಳಲ್ಲಿ ಒಂದು ಅಧ್ಯಯನ ಮಾಡಿದರು. ಶನಿವಾರ ತಂಡ ಗೆದ್ದರೆ ಸೋಮವಾರ ಹೆಚ್ಚು ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಹೆಸರಿರುವ ಅಂಗಿ ತೊಟ್ಟು ಬರುತ್ತಿದ್ದರು. ಗೆದ್ದ ಪಂದ್ಯದ ಬಗ್ಗೆ ಕೇಳಿದರೆ ‘ನಾವು ಗೆದ್ದೆವು’ ಎನ್ನುವುದು ಹೆಚ್ಚು, ಸೋತ ಪಂದ್ಯವಾದರೆ ಆ ‘ನಾವು’ ಕಡಿಮೆ. ಅಂದರೆ ತಂಡದ ಆಟವು ನಮಗೆ ಬರೀ ಖುಷಿ ಕೊಡುವುದಿಲ್ಲ, ತಂಡ ನಮ್ಮದೋ ಅಲ್ಲವೋ ಎಂಬುದನ್ನೇ ಬದಲಾಯಿಸುತ್ತದೆ.

ಸೇಡಂ_ರಸ್ತೆ (ಕಲಬುರಗಿ)

ಅದು ಅಮೆರಿಕನ್ ಫುಟ್‌ಬಾಲ್, ಕೈಯಲ್ಲಿ ಹಿಡಿದು ಓಡುವ ಆಟ. ಇಲ್ಲಿಗೆ ಹೇಗೆ ಹೊಂದುತ್ತದೆ?

ಕಡಗಂಚಿ_ಹಾಸ್ಟೆಲ್ (ಆಳಂದ ರಸ್ತೆ)

ಆಟ ಬೇರೆ ಅಣ್ಣಾ, ಮನಸ್ಸು ಅದೇ. ಮೊದಲ ಪೋಸ್ಟ್ ಮತ್ತೊಮ್ಮೆ ಓದಿ. ‘ನಮ್ಮನ್ನು ಸೋಲಿಸಿತು’ ಎಂದು ಬರೆದಿದ್ದಾರೆ. ನೋವಾಗಲಿಲ್ಲ ಎನ್ನುವ ಮನುಷ್ಯನ ಬಾಯಲ್ಲಿ ಇನ್ನೂ ‘ನಮ್ಮನ್ನು’ ಎಂದೇ ಬಂದಿದೆ.

ಸ್ಟೇಷನ್_ಬಜಾರ್ (ಕಲಬುರಗಿ)

ಭಲೇ!

ಹುಮನಾಬಾದ್_ಬೇಸ್ (ಕಲಬುರಗಿ)

ಮನಸ್ಸಿನ ಮಾತು ಸಾಕು, ಇನ್ನೊಂದು ಮಗ್ಗುಲು ನೋಡೋಣ. 2023ರ ಜುಲೈನಲ್ಲಿ ಗಂಡಸರ ತಂಡದ ಫಿಫಾ ರ‍್ಯಾಂಕಿಂಗ್ 99. 2025ರ ನವೆಂಬರ್‌ನಲ್ಲಿ 142. ನಡುವೆ ಏನಾಯಿತು? 2024ರ ಜನವರಿಯ ಏಷ್ಯಾ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೆಕಿಸ್ತಾನ, ಸಿರಿಯಾ ಮೂರಕ್ಕೂ ಸೋತು ಒಂದು ಗೋಲೂ ಹೊಡೆಯಲಿಲ್ಲ. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನಕ್ಕೆ ಸೋಲು. 2024ರಲ್ಲಿ ಪೂರ್ತಿ ವರ್ಷ ಒಂದು ಗೆಲುವೂ ಇಲ್ಲ. ತರಬೇತುದಾರ ಇಗೊರ್ ಸ್ಟಿಮಾಚ್ ಹೋದ, ಮನೋಲೊ ಬಂದ, ಹೋದ, ಆಮೇಲೆ ಖಾಲಿದ್ ಜಮೀಲ್ ಬಂದ. 2025ರ ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ಸಿಂಗಪುರ 2–1ರಿಂದ ಗೆದ್ದು ನಮ್ಮನ್ನು 2027ರ ಏಷ್ಯಾ ಕಪ್‌ನಿಂದ ಹೊರಹಾಕಿತು. ದೇಶದ ಮುಖ್ಯ ಲೀಗ್ 2025ರ ಋತುವಿನಲ್ಲಿ ನವೆಂಬರ್ ಬಂದರೂ ಶುರುವೇ ಆಗಿರಲಿಲ್ಲ. ಆಟಗಾರರಿಗೆ ಆಡಲು ಪಂದ್ಯವಿಲ್ಲದಿದ್ದರೆ ತಂಡಕ್ಕೆ ಗೆಲುವು ಎಲ್ಲಿಂದ ಬರಬೇಕು? ಅಭಿಮಾನಿಯ ಅತೃಪ್ತಿಯನ್ನು ಆಟಗಾರನ ಕಾಲಿಗೆ ಕಟ್ಟಬೇಡಿ, ಆಡಳಿತದ ಕುರ್ಚಿಗೆ ಕಟ್ಟಿ.

ಎಡಗಾಲು_11 (ಕಲಬುರಗಿ)

ಈ ಮಾತನ್ನು ನಾನು ಒಪ್ಪುವುದಿಲ್ಲ. ಸಿಂಗಪುರ ಪಂದ್ಯದಲ್ಲಿ ಛಾಂಗ್ಟೆ 14ನೇ ನಿಮಿಷಕ್ಕೇ ಗೋಲು ಹೊಡೆದು ಮುನ್ನಡೆ ಕೊಟ್ಟ. ಅದನ್ನು ಉಳಿಸಿಕೊಳ್ಳಲಾಗದ್ದು ಕುರ್ಚಿಯಲ್ಲ, ಹನ್ನೊಂದು ಜನ. ನಾನು ನೂತನ ವಿದ್ಯಾಲಯದ ಮೈದಾನದಲ್ಲಿ ಹನ್ನೆರಡು ವರ್ಷ ಎಡಪಕ್ಕದಲ್ಲಿ ಆಡಿದವನು. ಎದುರಾಳಿ ನನ್ನನ್ನು ದಾಟಿ ಹೋದರೆ ಅದು ನನ್ನ ತಪ್ಪು.

ಸೇಡಂ_ರಸ್ತೆ (ಕಲಬುರಗಿ)

ಅದಕ್ಕೆ ಐದು ದಿನ ಮೊದಲು ಸಿಂಗಪುರದಲ್ಲಿ ನಡೆದ ಪಂದ್ಯವನ್ನೂ ನೆನಪಿಸಿಕೊಳ್ಳಿ. ಸಂದೇಶ್ ಝಿಂಗನ್ ಕೆಂಪು ಕಾರ್ಡ್ ಪಡೆದು ಹೊರಹೋದ, ಅರ್ಧ ಪಂದ್ಯ ಹತ್ತೇ ಜನ ಆಡಿದರು, 90ನೇ ನಿಮಿಷದಲ್ಲಿ ರಹೀಮ್ ಅಲಿ ಸಮ ಮಾಡಿದ. 1–1. ಆ ರಾತ್ರಿ ನನಗೆ ಸಿಕ್ಕ ತೃಪ್ತಿ ಎಷ್ಟೋ ಗೆಲುವುಗಳಲ್ಲಿ ಸಿಕ್ಕಿಲ್ಲ. ಹೋರಾಡಿದರೆ ನನಗೆ ಸಾಕು.

ಎಡಗಾಲು_11 (ಕಲಬುರಗಿ)

‘ಹೋರಾಡಿದರೆ ಸಾಕು’ ಎಂಬ ಮಾತೇ ನಮ್ಮನ್ನು 142ಕ್ಕೆ ತಂದದ್ದು. ಹೋರಾಟ ಕನಿಷ್ಠ ಕರ್ತವ್ಯ, ಅದಕ್ಕೆ ಚಪ್ಪಾಳೆ ಬೇಡ. 2018ರಲ್ಲಿ ದಕ್ಷಿಣ ಕೊರಿಯಾ ವಿಶ್ವ ಚಾಂಪಿಯನ್ ಜರ್ಮನಿಯನ್ನು 2–0ಯಿಂದ ಸೋಲಿಸಿಯೂ ಮುಂದಿನ ಸುತ್ತಿಗೆ ಹೋಗಲಿಲ್ಲ. ಮರಳಿದಾಗ ವಿಮಾನ ನಿಲ್ದಾಣದಲ್ಲಿ ಕೆಲವರು ಮೊಟ್ಟೆ ಎಸೆದರು. ಮೊಟ್ಟೆ ಎಸೆಯುವುದು ತಪ್ಪು, ಆದರೆ ಅಷ್ಟು ಕೇಳುವ ಜನ ಇರುವುದರಿಂದಲೇ ಅವರು ಪ್ರತಿ ವಿಶ್ವಕಪ್‌ನಲ್ಲೂ ಇರುತ್ತಾರೆ.

ತೊಗರಿ_ಕಾಕಾ (ಕಲಬುರಗಿ)

ತಮ್ಮಾ, 2022ರಲ್ಲಿ ಮೊರಾಕ್ಕೊ ಸೆಮಿಫೈನಲ್‌ನಲ್ಲಿ ಸೋತು ನಾಲ್ಕನೆಯದಾಗಿ ಮರಳಿದಾಗ ರಬಾತ್ ನಗರದ ಬೀದಿಗಳು ಜನರಿಂದ ತುಂಬಿದ್ದವು. ಅವರು ಕಡಿಮೆ ಕೇಳುವ ಜನ ಎನ್ನುತ್ತೀಯಾ? ಜನ ತಾವು ಕನಸಿನಲ್ಲೂ ಕಾಣದ್ದನ್ನು ಕಂಡರೆ ಸೋಲನ್ನೂ ಹೊತ್ತು ಮೆರೆಸುತ್ತಾರೆ. ಮಾಸ್ತರರ ಲೆಕ್ಕ ಇಲ್ಲಿ ಸರಿಯಾಗಿದೆ.

ಬೀದರ_ಬಿದ್ರಿ (ಬೀದರ್)

2023ರ ಜುಲೈ 4ರಂದು ಬೆಂಗಳೂರಿನ ಕಂಠೀರವದಲ್ಲಿ ಯಾರಾದರೂ ಇದ್ದಿರಾ? ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್, ಕುವೈತ್ ವಿರುದ್ಧ.

ಅಪ್ಪನಕೆರೆ_ದಂಡೆ (ಕಲಬುರಗಿ)

ನಾನಿದ್ದೆ! ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗಿದ್ದೆವು, ಸೀಟು ಖಚಿತವಾಗದೆ ಬಾಗಿಲ ಬಳಿಯೇ ರಾತ್ರಿ ಕಳೆದೆವು. 1–1 ಆಗಿ ಪೆನಾಲ್ಟಿಗೆ ಹೋಯಿತು. ಕೊನೆಯ ಹೊಡೆತವನ್ನು ಗುರ್‌ಪ್ರೀತ್ ತಡೆದಾಗ ಪಕ್ಕದಲ್ಲಿದ್ದ ಗುರುತೇ ಇಲ್ಲದ ಹಿರಿಯರೊಬ್ಬರು ನನ್ನನ್ನು ಅಪ್ಪಿಕೊಂಡು ಬಿಡಲೇ ಇಲ್ಲ. ಇಡೀ ಕ್ರೀಡಾಂಗಣ ವಂದೇ ಮಾತರಂ ಹಾಡಿತು. ಗಂಟಲು ಮೂರು ದಿನ ಕೆಲಸ ಮಾಡಲಿಲ್ಲ.

ಗಣಿತದ_ಮಾಸ್ತರ (ಶಹಾಪುರ, ಯಾದಗಿರಿ)

ಫಿಫಾ ಸೂತ್ರದಲ್ಲಿ ಪೆನಾಲ್ಟಿಯಿಂದ ಗೆದ್ದರೆ ಮುಕ್ಕಾಲು ಗೆಲುವು ಮಾತ್ರ, 0.75.

ಅಪ್ಪನಕೆರೆ_ದಂಡೆ (ಕಲಬುರಗಿ)

ನನಗೆ ಅಂದು ಎರಡು ಗೆಲುವು ಸಿಕ್ಕಿತು ಮಾಸ್ತರರೇ.

ಈಗ ಯೋಚಿಸಿದರೆ, 2023 ನನ್ನ ನಿರೀಕ್ಷೆಯನ್ನು ಅಷ್ಟು ಮೇಲಕ್ಕೆ ಎತ್ತಿತ್ತು. ಅಲ್ಲಿಂದ ಎರಡೂವರೆ ವರ್ಷ, ಒಂದೊಂದು ಪಂದ್ಯಕ್ಕೂ ಒಂದೊಂದು ಮೆಟ್ಟಿಲು ಇಳಿದೆ. 2024ರ ಜೂನ್‌ನಲ್ಲಿ ದೋಹಾದಲ್ಲಿ ಗೆರೆ ದಾಟಿದ ಚೆಂಡನ್ನು ಎಳೆದು ತಂದು ಕತಾರ್ ಗೋಲು ಹೊಡೆದಾಗ ಕೂಡ ನನಗೆ ರೆಫರಿಯ ಮೇಲೆ ಉರಿಯುವಷ್ಟು ಸಿಟ್ಟು ಬಂದಿತ್ತು. ಆ ಸಿಟ್ಟು ಇರುವವರೆಗೂ ನಾನು ಅಭಿಮಾನಿಯಾಗಿದ್ದೆ. ಢಾಕಾದ ರಾತ್ರಿ ಸಿಟ್ಟೂ ಬರಲಿಲ್ಲ. ಎಡಗಾಲು ಹೇಳುವಂತೆ ಕೇಳುವುದನ್ನೇ ಬಿಟ್ಟರೆ ತಂಡಕ್ಕೂ ನಷ್ಟ, ನನಗೂ ನಷ್ಟ.

ಸ್ಟೇಷನ್_ಬಜಾರ್ (ಕಲಬುರಗಿ)

ಒಂದು ಮಾತು ಹೇಳಲೇ? ನೀನು ಮನಸ್ಸು ತುಂಬಿ ಹೇಳಿದ ಎರಡೂ ಪಂದ್ಯಗಳನ್ನು ಜನರ ನಡುವೆ ನೋಡಿದ್ದೆ. ಅತ್ತದ್ದೂ ಜನರ ನಡುವೆ, ಕುಣಿದದ್ದೂ ಜನರ ನಡುವೆ. ಢಾಕಾ ಪಂದ್ಯವನ್ನು ಯಾರ ಜೊತೆ ನೋಡಿದೆ?

ಅಪ್ಪನಕೆರೆ_ದಂಡೆ (ಕಲಬುರಗಿ)

ಒಬ್ಬನೇ.

ಎಡಗಾಲು_11 (ಕಲಬುರಗಿ)

ನೂರು ಜನ ಕೂತು ನೋಡಿದ್ದರೂ ಢಾಕಾದಲ್ಲಿ ಆಡಿದ ಆಟ ಕೆಟ್ಟದ್ದೇ. ತಂಡಕ್ಕೆ ರಿಯಾಯಿತಿ ಕೊಡುವ ದಾರಿ ಹುಡುಕಬೇಡಿ.

ಸ್ಟೇಷನ್_ಬಜಾರ್ (ಕಲಬುರಗಿ)

ರಿಯಾಯಿತಿ ಕೊಡುತ್ತಿಲ್ಲ. ಬೈಯುವುದಾದರೂ ಸೇರಿ ಬೈಯೋಣ ಎನ್ನುತ್ತಿದ್ದೇನೆ. 2026ರ ಮಾರ್ಚ್ 31ಕ್ಕೆ ಹಾಂಗ್‌ಕಾಂಗ್ ಪಂದ್ಯವಿದೆ. ಅದರಿಂದ ನಮಗೆ ಇನ್ನೇನೂ ಸಿಗುವುದಿಲ್ಲ, ಆದರೂ ನನ್ನ ಅಂಗಡಿಯ ಮೇಲಿನ ಕೋಣೆ ಖಾಲಿ ಇದೆ.

ಭೀಮಾತೀರದ_ಟೀಚರ್ (ಯಾದಗಿರಿ)

ಅದಕ್ಕೂ ಮೊದಲು ಮಾರ್ಚ್‌ನಲ್ಲೇ ಆಸ್ಟ್ರೇಲಿಯಾದಲ್ಲಿ ಹೆಣ್ಣುಮಕ್ಕಳ ಏಷ್ಯಾ ಕಪ್ ಇದೆ.

ಸ್ಟೇಷನ್_ಬಜಾರ್ (ಕಲಬುರಗಿ)

ಹಾಗಿದ್ದರೆ ಅದರಿಂದಲೇ ಶುರು ಮಾಡೋಣ ಟೀಚರ್. ನಿಮ್ಮ ಹುಡುಗಿಯರು ಕಲಬುರಗಿಗೆ ಬರಲು ಆಗುತ್ತದೆಯೇ?

ಭೀಮಾತೀರದ_ಟೀಚರ್ (ಯಾದಗಿರಿ)

ಹದಿನಾಲ್ಕು ಜನರನ್ನು ಕರೆತರುವುದು ಕಷ್ಟ. ಪಾಲಕರನ್ನು ಕೇಳಿ ನೋಡುತ್ತೇನೆ. ಆಗದಿದ್ದರೆ ನಮ್ಮ ಶಾಲೆಯಲ್ಲೇ ತೋರಿಸುತ್ತೇನೆ, ಪ್ರೊಜೆಕ್ಟರ್ ಯಾರ ಬಳಿಯಾದರೂ ಇದೆಯೇ?

ಗಣಿತದ_ಮಾಸ್ತರ (ಶಹಾಪುರ, ಯಾದಗಿರಿ)

ನನ್ನ ಬಳಿ ಇದೆ. ಶಹಾಪುರದಿಂದ ನಾನೇ ತರುತ್ತೇನೆ. ಪರದೆಗೆ ಬಿಳಿ ಧೋತರ ಸಾಕು.

ಎಡಗಾಲು_11 (ಕಲಬುರಗಿ)

ಚೆಂಡು ಒಂದೇ ಇದೆ ಎಂದಿದ್ದಿರಿ. ಯಾವ ಅಳತೆಯದು ಬೇಕು, ನಾಲ್ಕೋ ಐದೋ? ಎರಡು ಕಳುಹಿಸುತ್ತೇನೆ.